ಟಂಟಂ ಹಿಂದೆ, ಟ್ರ್ಯಾಕ್ಟರ್ ಪಕ್ಕ: ಕಲಬುರಗಿಯಲ್ಲಿ ಬೈಕ್ ಓಡಿಸುವ ಲೆಕ್ಕ

ಮುಂದೆ ಹೋಗುವ ಟಂಟಂ (ನಮ್ಮ ಕಡೆಯ ಶೇರ್ ಆಟೊ) ಎಲ್ಲಿ ನಿಲ್ಲುತ್ತದೆ ಅಂತ ತಿಳಿಯಬೇಕಾದರೆ ನಾನು ರಸ್ತೆ ಬದಿ ನಿಂತವರ ಕೈ ನೋಡುತ್ತೇನೆ. ಯಾರಾದರೂ ಕೈ ಎತ್ತಿದರೆ ಟಂಟಂ ಅಲ್ಲೇ ನಿಂತಿತು ಅಂತಲೇ ಲೆಕ್ಕ. ಅದಾದ ಮೇಲೆ ಚಾಲಕನ ತಲೆ ಎಡಕ್ಕೆ ಹೊರಳುತ್ತದೆ, ಇಳಿಯುವವರ ಒಂದು ಕಾಲು ಹೊರಗೆ ಬರುತ್ತದೆ. ಹಿಂದಿನ ಬ್ರೇಕ್ ದೀಪ ಎಷ್ಟೋ ಗಾಡಿಗಳಲ್ಲಿ ಉರಿಯುವುದೇ ಇಲ್ಲ, ಉರಿದರೂ ಈ ಮೂರು ಸುಳಿವು ಸಿಕ್ಕ ಮೇಲೆಯೇ. ಸೂಪರ್ ಮಾರ್ಕೆಟ್‌ನಿಂದ ಜಗತ್ ವೃತ್ತದ ಕಡೆಗೆ, ಕೇಂದ್ರ ಬಸ್ ನಿಲ್ದಾಣದ ಎದುರಿಗೆ, ನನ್ನ ಕಣ್ಣು ಹೆಚ್ಚು ಹೊತ್ತು ಎಡ ಅಂಚಿನ ಮೇಲೇ ಇರುತ್ತದೆ. ಟಂಟಂನ ಬಲ ಹಿಂಗಾಲಿಯ ನೇರಕ್ಕೆ ನನ್ನ ಗಾಡಿ ಇಟ್ಟುಕೊಳ್ಳುತ್ತೇನೆ. ಅಲ್ಲಿಂದ ಮುಂದಿನ ರಸ್ತೆಯೂ ಕಾಣುತ್ತದೆ, ಅದು ತಟ್ಟನೆ ನಿಂತರೆ ಬಲಕ್ಕೆ ಸರಿಯಲು ಜಾಗವೂ ಇರುತ್ತದೆ. ಎಡಗಡೆಯಿಂದ ಮಾತ್ರ ನುಸುಳುವುದಿಲ್ಲ. ಇಳಿಯುವವರು ಹಿಂದೆ ನೋಡಿ ಇಳಿಯುವುದಿಲ್ಲ.

ಮುಂದಿನ ಗಾಡಿಗೂ ನಮಗೂ ಎಷ್ಟು ಅಂತರ ಬೇಕು ಅನ್ನುವುದನ್ನು ಮೀಟರಿನಲ್ಲಿ ಅಳೆಯಲು ಆಗುವುದಿಲ್ಲ, ಸೆಕೆಂಡಿನಲ್ಲಿ ಆಗುತ್ತದೆ. ಮುಂದಿನ ಗಾಡಿ ಒಂದು ಕಂಬ ದಾಟಿದ ತಕ್ಷಣ 'ಒಂದು ಸಾವಿರದ ಒಂದು, ಒಂದು ಸಾವಿರದ ಎರಡು' ಅಂತ ಮನಸ್ಸಿನಲ್ಲೇ ಎಣಿಸುತ್ತೇನೆ. ಎಣಿಕೆ ಮುಗಿಯುವ ಮೊದಲು ನಾನು ಆ ಕಂಬ ಮುಟ್ಟಿದರೆ ತೀರಾ ಹತ್ತಿರ ಇದ್ದೇನೆ. ಮಳೆಯಲ್ಲಿ, ರಾತ್ರಿಯಲ್ಲಿ ಇದೇ ಎಣಿಕೆಯನ್ನು ನಾಲ್ಕರ ತನಕ ಒಯ್ಯುತ್ತೇನೆ. ಕಾರಣ ಸರಳ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಕಣ್ಣು ಕಂಡು ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಒಂದು ಸೆಕೆಂಡ್ ಹೋಗುತ್ತದೆ, ಬ್ರೇಕ್ ಹಿಡಿದ ಮೇಲೆ ಒಣ ಡಾಂಬರಿನಲ್ಲಿ ಇನ್ನೂ 10 ಮೀಟರ್ ಬೇಕು. ಒಟ್ಟು 21. ಅದೇ 60ರ ವೇಗಕ್ಕೆ ಸುಮಾರು 40 ಮೀಟರ್. ವೇಗ ಒಂದೂವರೆ ಪಟ್ಟು ಏರಿದರೆ ನಿಲ್ಲುವ ದೂರ ಹತ್ತಿರ ಹತ್ತಿರ ಎರಡು ಪಟ್ಟು.

ಈ ಲೆಕ್ಕ ಎರಡೂ ಬ್ರೇಕ್ ಸರಿಯಾಗಿ ಹಿಡಿಯುವವರಿಗೆ ಮಾತ್ರ. ನಮ್ಮ ಕಡೆ ಬಹಳ ಮಂದಿ ಕಾಲಿನ ಬ್ರೇಕ್ ಒಂದನ್ನೇ ತುಳಿಯುತ್ತಾರೆ, 'ಮುಂದಿನ ಬ್ರೇಕ್ ಹಿಡಿದರೆ ಬೀಳ್ತೀವಿ' ಅನ್ನುವ ಅಂಜಿಕೆ. ಕಾಲಿನ ಬ್ರೇಕ್ ಒಂದರಲ್ಲೇ ನಿಲ್ಲಿಸಿದರೆ ದೂರ ಸುಮಾರು ಎರಡರಷ್ಟಾಗುತ್ತದೆ. ಬ್ರೇಕ್ ಹಿಡಿದಾಗ ಗಾಡಿಯ ಭಾರವೆಲ್ಲ ಮುಂದಕ್ಕೆ ಬಾಗುತ್ತದೆ, ಹಿಂಗಾಲಿ ಹಗುರಾಗಿ ಜಾರುತ್ತದೆ, ನೆಲ ಗಟ್ಟಿಯಾಗಿ ಹಿಡಿಯುವುದು ಮುಂಗಾಲಿಯೇ. ಮುಂದಿನ ಬ್ರೇಕಿನಿಂದ ಬೀಳುವವರು ಅದನ್ನು ಒಮ್ಮೆಲೇ ಜಗ್ಗಿದವರು. ಭಾರ ಇನ್ನೂ ಮುಂದೆ ಬರುವ ಮೊದಲೇ ಗಾಲಿ ಕಚ್ಚಿಕೊಂಡರೆ ಜಾರುತ್ತದೆ. ನಾನು ಎರಡು ಹಂತದಲ್ಲಿ ಹಿಡಿಯುತ್ತೇನೆ. ಮೊದಲು ಲಿವರಿನ ಸಡಿಲು ಮುಗಿದು ಮುಂದಿನ ಶಾಕ್ ಸ್ವಲ್ಪ ಕೆಳಗಿಳಿಯುವಷ್ಟು, ಆಮೇಲೆ ಹಸಿ ಬಟ್ಟೆ ಹಿಂಡಿದ ಹಾಗೆ ಒತ್ತುತ್ತ ಹೋಗುವುದು. ಹ್ಯಾಂಡಲ್ ನೇರ ಇರಬೇಕು. ತಿರುವಿನಲ್ಲಿ ಗಾಡಿ ವಾಲಿದ್ದಾಗ ಹೀಗೆ ಹಿಂಡಬಾರದು.

ಇದನ್ನು ಟ್ರಾಫಿಕ್‌ನಲ್ಲಿ ಕಲಿಯಲು ಆಗುವುದಿಲ್ಲ. ನಸುಕಿನಲ್ಲಿ ಖಾಲಿ ಇರುವ ಡಾಂಬರು ಜಾಗ ಹುಡುಕಿ, ಒಂದು ಇಟ್ಟಿಗೆ ತುಂಡು ಗುರುತಿಗೆ ಇಟ್ಟು, ಅಲ್ಲಿಂದ ಬ್ರೇಕ್ ಹಿಡಿದು ಎಷ್ಟು ಹೆಜ್ಜೆಗೆ ನಿಂತಿತು ಅಂತ ನಡೆದು ಎಣಿಸಬೇಕು. 20ರ ವೇಗದಲ್ಲಿ ಹತ್ತು ಸಲ, 30ರಲ್ಲಿ ಹತ್ತು ಸಲ, ಕೈಗೆ ನಂಬಿಕೆ ಬಂದ ಮೇಲೆ 40ರಲ್ಲಿ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಗಾಡಿಗಳಿಗೆ ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು, 125 ಮತ್ತು ಅದಕ್ಕಿಂತ ಸಣ್ಣವಕ್ಕೆ ಎರಡೂ ಬ್ರೇಕ್ ಒಟ್ಟಿಗೆ ಹಿಡಿಸುವ ಸಿಬಿಎಸ್ ಆದರೂ ಇರಲೇಬೇಕು ಅಂತಾಯಿತು. ಸಿಬಿಎಸ್ ಗಾಡಿಯಲ್ಲಿ ಕಾಲಿನ ಬ್ರೇಕ್ ತುಳಿದಾಗ ಮುಂದಿನದೂ ಸ್ವಲ್ಪ ಹಿಡಿಯುತ್ತದೆ, ಆದರೆ ಗಾಲಿ ಜಾರುವುದನ್ನು ಅದು ತಡೆಯುವುದಿಲ್ಲ. ಎಬಿಎಸ್ ಮಾಡುವ ಕೆಲಸ ಅದು.

ಬಣ್ಣ ಬಳಿಯದ ಹಂಪ್ ಹತ್ತಿರ ಬಂದಾಗ ಬ್ರೇಕ್ ಎಲ್ಲ ಮೊದಲೇ ಮುಗಿಸಿ, ಮುಂಗಾಲಿ ಏರುವ ಹೊತ್ತಿಗೆ ಬಿಡಬೇಕು. ಹಿಡಿದುಕೊಂಡೇ ಏರಿದರೆ ಶಾಕ್ ಆಗಲೇ ಕುಗ್ಗಿರುತ್ತದೆ, ಪೆಟ್ಟು ನೇರ ಕೈಗೆ ಬರುತ್ತದೆ. ಕಾರು, ಜೀಪಿನ ಹಿಂದೆ ನಟ್ಟನಡುವೆ ಹೋಗುವುದಿಲ್ಲ. ಅವುಗಳ ಗಾಲಿಗಳ ನಡುವೆ ಹಾದ ತಗ್ಗು ನಮ್ಮ ಮುಂದೆ ಬಂದಾಗಲೇ ಕಾಣುವುದು. ಅವುಗಳ ಬಲ ಗಾಲಿಯ ಜಾಡಿನಲ್ಲಿ ಹೋದರೆ, ತಗ್ಗಿದ್ದರೆ ಮುಂದಿನ ಗಾಡಿ ಕುಣಿದು ಹೇಳುತ್ತದೆ.

ಜಾರುವ ನೆಲ ಇಲ್ಲಿ ಮಳೆಗಾಲಕ್ಕೆ ಮಾತ್ರ ಸೇರಿದ್ದಲ್ಲ. ಹೊಲದಿಂದ ಮೇಲೇರಿದ ಟ್ರ್ಯಾಕ್ಟರ್ ಗಾಲಿಯಿಂದ ಉದುರಿದ ಎರಿ ಮಣ್ಣು ಒಂದು ಹನಿ ನೀರು ಬಿದ್ದರೆ ಸಾಬೂನಿನ ಹಾಗಾಗುತ್ತದೆ. ಮೊದಲ ಮಳೆಯ ಮೊದಲ ಅರ್ಧ ಗಂಟೆ ನಾನು ಗಾಡಿ ಬದಿಗೆ ಹಾಕಿ ನಿಲ್ಲುತ್ತೇನೆ, ಧೂಳು ಮತ್ತು ಎಣ್ಣೆ ತೊಳೆದು ಹೋಗಲಿ ಅಂತ. ಏಪ್ರಿಲ್, ಮೇ ಬಿಸಿಲಿಗೆ ಡಾಂಬರು ಕರಗಿ ಮೇಲೆ ಬಂದು ಹೊಳೆಯುತ್ತದೆ, ಆ ಹೊಳೆಯುವ ಕಪ್ಪಿನ ಮೇಲೆ ಬ್ರೇಕ್ ಹಿಡಿಯಬಾರದು. ಸುಗ್ಗಿಯಲ್ಲಿ ರಸ್ತೆ ಮೇಲೆ ಹಾಕಿದ ತೊಗರಿ ರಾಶಿ, ಕಟ್ಟಿಗೆ, ಸಿಪ್ಪೆ ಇನ್ನೊಂದು. ಅದರ ಮೇಲೆ ಹೋಗಲೇಬೇಕಾದರೆ ಕ್ಲಚ್, ಬ್ರೇಕ್ ಎರಡೂ ಮುಟ್ಟದೆ, ವಾಲದೆ, ನೇರ ದಾಟುತ್ತೇನೆ.

ಊರು ದಾಟಿದ ಮೇಲೆ ಅಪಾಯದ ರೂಪ ಬದಲಾಗುತ್ತದೆ. ಸೇಡಂ ರಸ್ತೆಯಲ್ಲಿ ಸಿಮೆಂಟ್ ಬಲ್ಕರ್ (ಸಿಮೆಂಟ್ ಪುಡಿ ಒಯ್ಯುವ ದೊಡ್ಡ ಟ್ಯಾಂಕರ್ ಲಾರಿ), ಆಳಂದ, ಅಫಜಲಪುರ ಕಡೆ ಕಬ್ಬಿನ ಟ್ರ್ಯಾಕ್ಟರ್. ಬಲ್ಕರ್ ಎದುರು ಬಂದಾಗ ಗಾಳಿ ಮೊದಲು ನೂಕುತ್ತದೆ, ಹಿಂದೆಯೇ ಒಳಕ್ಕೆ ಎಳೆಯುತ್ತದೆ. ಮೈ ಬಗ್ಗಿಸಿ, ಹ್ಯಾಂಡಲ್ ಸಡಿಲವಾಗಿ ಹಿಡಿದು, ಅಂಚಿನಿಂದ ಒಂದು ಮೀಟರ್ ಬಿಟ್ಟು ಇರುತ್ತೇನೆ. ಎರಡು ಟ್ರಾಲಿ ಕಟ್ಟಿದ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಹಾಕುವುದು ಇದಕ್ಕಿಂತ ಕಠಿಣ. ಟ್ರ್ಯಾಕ್ಟರ್ ಗಂಟೆಗೆ 20, ನಾನು 50 ಅಂದರೆ ಇಬ್ಬರ ವ್ಯತ್ಯಾಸ 30, ಸೆಕೆಂಡಿಗೆ 8 ಮೀಟರ್ ಚಿಲ್ಲರೆ. ಅದರ ಉದ್ದ, ಹಿಂದೆ ಮುಂದೆ ಬಿಡುವ ಜಾಗ ಸೇರಿ 38 ಮೀಟರ್ ಹಿಡಿದರೆ ದಾಟಲು ನಾಲ್ಕೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ ನಾನು 63 ಮೀಟರ್ ಓಡುತ್ತೇನೆ, ಎದುರಿನ ಕಾರು 80ರಲ್ಲಿದ್ದರೆ ಅದು 100 ಮೀಟರ್ ಓಡುತ್ತದೆ. ಕನಿಷ್ಠ 163 ಮೀಟರ್ ಖಾಲಿ ರಸ್ತೆ ಬೇಕು, ನಾನು 250 ಕಾಣದೆ ಹೊರಗೆ ಬರುವುದಿಲ್ಲ. ಹಿಂದಿನ ಟ್ರಾಲಿ ತೂಗಾಡುತ್ತದೆ, ಪಕ್ಕಕ್ಕೆ ಚಾಚಿದ ಕಬ್ಬಿನ ಜಲ್ಲೆ ಮುಖದ ಎತ್ತರಕ್ಕೇ ಇರುತ್ತದೆ. ಅದಕ್ಕೇ ಅದರಿಂದ ಎರಡು ಮೀಟರ್ ದೂರ. ಹಾರ್ನ್ ಹಾಕಿದೆ, ಟ್ರ್ಯಾಕ್ಟರ್ ಚಾಲಕನಿಗೆ ಗೊತ್ತಾಯಿತು ಅಂತ ತಿಳಿಯಬಾರದು. ಟೇಪಿನಲ್ಲಿ ಹಾಡು ಹಚ್ಚಿರುತ್ತಾನೆ, ಕನ್ನಡಿ ಇರುವುದಿಲ್ಲ. ಎದುರು ಗಾಡಿ ಇಲ್ಲದಾಗ ಸ್ವಲ್ಪ ಬಲಕ್ಕೆ ಸರಿದು ಲೈಟ್ ಎರಡು ಸಲ ಮಿನುಗಿಸಿ, ಅವನು ಹೊರಳಿ ನೋಡಿದ ಮೇಲೆಯೇ ಮುಂದೆ.

ಇದೇ ಟ್ರಾಲಿಗಳು ರಾತ್ರಿ ರಿಫ್ಲೆಕ್ಟರ್ ಇಲ್ಲದೆ ರಸ್ತೆ ಮೇಲೇ ನಿಂತಿರುತ್ತವೆ. ನಮ್ಮ ಗಾಡಿಯ ಬೆಳಕು ಎಷ್ಟು ದೂರ ಅಂತ ಮೊದಲೇ ತಿಳಿದಿರಬೇಕು. ಕತ್ತಲಲ್ಲಿ ಗಾಡಿ ನಿಲ್ಲಿಸಿ, ಲೋ ಬೀಮ್ ಹಚ್ಚಿ, ನೆಲದ ಮೇಲೆ ಒಂದು ಖಾಲಿ ಗೋಣಿಚೀಲ ಇಟ್ಟು, ಅದು ಕಾಣದಾಗುವ ತನಕ ಗಾಡಿಯನ್ನು ಹಿಂದಕ್ಕೆ ತಳ್ಳುತ್ತ ಹೋಗಿ, ಆಮೇಲೆ ಚೀಲದಿಂದ ಗಾಡಿಯ ತನಕ ಹೆಜ್ಜೆ ಎಣಿಸಿ. ಆ ದೂರದೊಳಗೆ ನಿಲ್ಲುವಷ್ಟೇ ವೇಗ. ಎದುರಿನವನ ಹೈ ಬೀಮ್ ಕಣ್ಣಿಗೆ ಹೊಡೆದಾಗ ರಸ್ತೆಯ ಎಡ ಅಂಚಿನ ಬಿಳಿ ಗೆರೆ ನೋಡುತ್ತ ವೇಗ ಇಳಿಸುತ್ತೇನೆ. ಗೀರು ಬಿದ್ದ ಹೆಲ್ಮೆಟ್ ಗ್ಲಾಸು ಆ ಬೆಳಕನ್ನು ಇನ್ನೂ ಚೆದುರಿಸುತ್ತದೆ, ಅದನ್ನು ಬದಲಿಸುವುದೇ ಸರಿ.

ಹೆಲ್ಮೆಟ್ ಒಳಗೆ ಬೆವರಿಗೆ ಅಂತ ದಪ್ಪ ಟವೆಲ್ ಮಡಚಿ ಇಡುವವರಿದ್ದಾರೆ. ಅದರಿಂದ ಹೆಲ್ಮೆಟ್ ಸಡಿಲಾಗಿ ತಿರುಗುತ್ತದೆ. ತೆಳು ಹತ್ತಿ ಬಟ್ಟೆ ಒಂದೇ ಸುತ್ತು ಸಾಕು. ಐಎಸ್ 4151 ಗುರುತು ಇರಲಿ, ಪಟ್ಟಿ ಮತ್ತು ಗದ್ದದ ನಡುವೆ ಎರಡು ಬೆರಳು ಹೋಗುವಷ್ಟೇ ಬಿಗಿ. ಒಮ್ಮೆ ಗಟ್ಟಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ನೋಡಲು ಚಂದ ಇದ್ದರೂ ಒಳಗಿನ ಥರ್ಮೋಕೋಲ್ ಅಮುಕಿಹೋಗಿರುತ್ತದೆ, ಇನ್ನೊಂದು ಪೆಟ್ಟು ತಡೆಯುವುದಿಲ್ಲ.

ಗಾಳಿ ನೋಡುವುದು ಬೆಳಿಗ್ಗೆ, ಗಾಡಿ ಓಡುವ ಮೊದಲು. ಮೇ ತಿಂಗಳ ಮಧ್ಯಾಹ್ನ ಕಾದ ಟೈರು ಜಾಸ್ತಿ ತೋರಿಸುತ್ತದೆ, ಅದನ್ನು ನೋಡಿ ಗಾಳಿ ಇಳಿಸಿದರೆ ಮರುದಿನ ಕಡಿಮೆಯಾಗಿರುತ್ತದೆ. ಎಷ್ಟು ಹಾಕಬೇಕು ಅನ್ನುವುದು ಗಾಡಿಯ ಮೇಲಿನ ಸ್ಟಿಕ್ಕರಿನಲ್ಲಿದೆ, ಹಿಂದೆ ಕೂರಿಸಿಕೊಂಡಾಗಿನ ಅಂಕಿ ಬೇರೆ. ಚೈನಿನ ಸಡಿಲು ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಎಣ್ಣೆ ಹಚ್ಚುವಾಗ ಇಂಜಿನ್ ಬಂದ್ ಇರಲಿ, ಗಾಲಿ ಕೈಯಿಂದ ತಿರುಗಿಸಿ. ಗೇರ್ ಹಾಕಿ ಗಾಲಿ ತಿರುಗುತ್ತಿರುವಾಗ ಬಟ್ಟೆ ಹಿಡಿದರೆ ಬಟ್ಟೆಯ ಜೊತೆ ಬೆರಳೂ ಚೈನಿಗೆ ಹೋಗುತ್ತದೆ.

ಹಿಂದೆ ಹೆಣ್ಣುಮಕ್ಕಳು ಕೂತಾಗ ಸೀರೆ ಗಾರ್ಡ್ ಇದ್ದರೂ ಸೆರಗು, ಓಢಣಿ ತೊಡೆ ಕೆಳಗೆ ಸಿಕ್ಕಿಸಿಕೊಂಡರಾ ಅಂತ ಕೇಳಿ, 'ಹೂಂರೀ' ಅಂದ ಮೇಲೆಯೇ ಕ್ಲಚ್ ಬಿಡುತ್ತೇನೆ. ಅದಕ್ಕೂ ಮೊದಲು ಎಡಗಾಲಿನ ಹಿಮ್ಮಡಿಯಿಂದ ಸೈಡ್ ಸ್ಟ್ಯಾಂಡ್ ಮೇಲಿದೆಯಾ ಅಂತ ತಡವುತ್ತೇನೆ. ಕೆಳಗೆ ಉಳಿದ ಸ್ಟ್ಯಾಂಡ್ ಎಡ ತಿರುವಿನಲ್ಲಿ ನೆಲಕ್ಕೆ ತಾಗಿ ಗಾಡಿಯನ್ನೇ ಎತ್ತಿ ಒಗೆಯುತ್ತದೆ. ದಾರಿಯಲ್ಲಿ ಯಾರಾದರೂ 'ಅಣ್ಣಾ, ಸ್ಟ್ಯಾಂಡ್!' ಅಂತ ಕೂಗಿದರೆ ಕೆಳಗೆ ಬಗ್ಗಿ ನೋಡಬೇಡಿ. ಕಣ್ಣು ರಸ್ತೆ ಮೇಲಿಟ್ಟು ಹಿಮ್ಮಡಿಯಿಂದಲೇ ಹಿಂದಕ್ಕೆ ಒದೆಯಿರಿ.