ವಿಚ್ಛೇದನದ ಅರ್ಜಿಯಲ್ಲಿ ನಾನು ಬರೆಯದೆ ಬಿಡುವುದು

ಉಡುಪಿಯಲ್ಲಿ ಗಂಡ-ಹೆಂಡತಿ ಕೇಸು ಹಿಡಿದು ಬಂದವರು ನನ್ನಲ್ಲಿ ಮೊದಲು ಕೇಳುವುದು ಜೀವನಾಂಶದ ಬಗ್ಗೆ ಅಲ್ಲ. “ಸಾರ್, ಇದು ಊರಿಗೆಲ್ಲ ಗೊತ್ತಾಗ್ತದಾ?”

ಬಾಗಿಲು ಮುಚ್ಚಿಸುವುದು ಸುಲಭ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಇಬ್ಬರಲ್ಲಿ ಒಬ್ಬರು ಕೇಳಿದರೂ ವಿಚಾರಣೆ ಇನ್-ಕ್ಯಾಮೆರಾ, ಅಂದರೆ ಹೊರಗಿನವರಿಲ್ಲದೆ ಮುಚ್ಚಿದ ಬಾಗಿಲೊಳಗೆ, ನಡೆಯಲೇಬೇಕು. ಮೊದಲ ವಾಯಿದೆಗೇ ಅದನ್ನು ಕೋರಿ ಮೆಮೋ ಹಾಕಿಬಿಡುತ್ತೇನೆ. ಹಿಂದೂ ವಿವಾಹ ಕಾಯ್ದೆಯ 22ನೇ ಸೆಕ್ಷನ್ ಕಲಾಪವನ್ನು ಪ್ರಕಟಿಸುವುದನ್ನೂ ತಡೆಯುತ್ತದೆ. ದಂಡ ಹೆಚ್ಚೆಂದರೆ ಸಾವಿರ ರೂಪಾಯಿ, ಯಾರು ಹೆದರುತ್ತಾರೋ!

ಗುಟ್ಟು ಸೋರುವುದು ಕಾಗದದಿಂದ. ಹೆಸರು, ವಿಳಾಸ ಶೀರ್ಷಿಕೆಯಲ್ಲಿ ಕೊಡಲೇಬೇಕು, ಬೇರೆ ದಾರಿಯಿಲ್ಲ. ಆದರೆ ಒಳಗಿನ ಪ್ಯಾರಾಗಳಲ್ಲಿ ಗುತ್ತಿನ ಮನೆಯ (ಊರಿನ ಹಿರಿಯ ಮನೆತನದ ಮನೆಯ) ಹೆಸರು, ಮಗುವಿನ ಶಾಲೆ, ಚಿಕಿತ್ಸೆ ಪಡೆದ ಆಸ್ಪತ್ರೆ ಯಾವುದನ್ನೂ ಬರೆಯುವುದಿಲ್ಲ. ನಾವು ಬರೆದ ಸಾಲುಗಳೇ ಎಷ್ಟೋ ಸಲ ತೀರ್ಪಿನ ‘ಸಂಗತಿಗಳು’ ಭಾಗಕ್ಕೆ ಹಾಗೇ ಇಳಿಯುತ್ತವೆ. ಆಮೇಲೆ ಹೆಸರು ಅಳಿಸಿದರೂ ಮನೆಯ ಹೆಸರು ಉಳಿದರೆ ಮದುವೆಯ ಊಟ ಉಂಡವರೆಲ್ಲ ಯಾರ ಕೇಸೆಂದು ಲೆಕ್ಕ ಹಾಕಿಬಿಡುತ್ತಾರೆ. ವೈದ್ಯಕೀಯ ದಾಖಲೆಗಳನ್ನು ಅನುಮತಿ ಕೇಳಿ ಮುಚ್ಚಿದ ಲಕೋಟೆಯಲ್ಲಿ ಕೊಡುತ್ತೇನೆ. ಕರೆಯುವಾಗ ಹೆಸರು ಕೂಗದೆ ಕೇಸ್ ನಂಬರ್ ಹೇಳಿ ಎಂದು ಬೆಂಚ್ ಕ್ಲರ್ಕ್ ಹತ್ತಿರ ಕೇಳಿಕೊಳ್ಳುತ್ತೇನೆ. ಕಾನೂನಿನಲ್ಲಿ ಇಲ್ಲದ ಉಪಾಯ ಇದು, ಆದರೆ ಕಕ್ಷಿದಾರರಿಗೆ ಅತಿ ಹೆಚ್ಚು ಸಮಾಧಾನ ಕೊಡುವುದೂ ಇದೇ.

ಮೇಲ್ಮನವಿಗೆ ಹೋದರೆ ನಮ್ಮ ಹೈಕೋರ್ಟಿನ 2017ರ ಆದೇಶವೊಂದು ಕೈಯಲ್ಲಿರಲಿ. ಮಗಳ ಹೆಸರು ಇಂಟರ್‌ನೆಟ್ ಹುಡುಕಾಟದಲ್ಲಿ ಕಾಣಬಾರದೆಂಬ ತಂದೆಯ ಕೋರಿಕೆಯನ್ನು ಕೋರ್ಟು ಒಪ್ಪಿತ್ತು. ದೃಢೀಕೃತ ನಕಲಿನಲ್ಲಿ ಮಾತ್ರ ಹೆಸರು ಇದ್ದೇ ಇರುತ್ತದೆ.

ಇದೇ ಲಕೋಟೆ, ಇದೇ ಮುಚ್ಚಿದ ಬಾಗಿಲು ತನಗೂ ಬೇಕೆಂದು ಠೇವಣಿ ಹಣದ ಕೇಸಿನ ಆರೋಪಿಯೊಬ್ಬರು ಬಂದಿದ್ದರು. “ಮರ್ಯಾದೆಯ ಪ್ರಶ್ನೆ ವಕೀಲ್ರೇ.” ನೀವು ನನ್ನ ಹತ್ತಿರ ಹೇಳಿದ್ದು ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ ಪ್ರಕಾರ ನನ್ನಲ್ಲೇ ಉಳಿಯುತ್ತದೆ, ಆದರೆ ಸಾರ್ವಜನಿಕರ ದುಡ್ಡಿನ ವಿಚಾರಣೆಗೆ ಬಾಗಿಲು ಮುಚ್ಚಿ ಎಂದು ಅರ್ಜಿ ಹಾಕಲಾರೆ ಎಂದೆ. ಕ್ರಿಮಿನಲ್ ವಿಚಾರಣೆ ತೆರೆದ ಕೋರ್ಟಿನಲ್ಲೇ ನಡೆಯಬೇಕೆಂಬುದು ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 366ನೇ ಸೆಕ್ಷನ್ನಿನ ಮೂಲ ನಿಯಮ. ಮುನಿಸಿಕೊಂಡರು, ವಕಾಲತ್ತು ಮಾತ್ರ ವಾಪಸು ಪಡೆಯಲಿಲ್ಲ. ಸಾಕ್ಷಿ ವಿಚಾರಣೆಯ ದಿನ ಹಿಂದಿನ ಬೆಂಚುಗಳಲ್ಲಿ ಠೇವಣಿದಾರರೇ ತುಂಬಿದ್ದರು. ಅವರ ಎದುರೇ ಪಾಟೀಸವಾಲು ಮಾಡಿದೆ.