ಹತ್ತಿ ದುಡ್ಡು ಮುಂದಿನ ಹತ್ತಿಯವರೆಗೆ ಬರಬೇಕೆಂದರೆ

ರಾಯಚೂರಿನ ಗಂಜ್ ಮಾರುಕಟ್ಟೆಗೆ ಹತ್ತಿ ಬರುವ ದಿನಗಳಲ್ಲಿ ರೈತರ ಕೈಯಲ್ಲಿ ದುಡ್ಡು ಓಡಾಡುತ್ತದೆ. ಯುಗಾದಿ ಹೊತ್ತಿಗೆ ಅದೇ ಮನೆಯವರು ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸುತ್ತಾರೆ. ದುಡಿಮೆ ಕಡಿಮೆ ಅಂತಲ್ಲ. ಆದಾಯ ವರ್ಷಕ್ಕೆ ಒಂದೋ ಎರಡೋ ಸಲ, ಖರ್ಚು ದಿನಾ. ಸಂಬಳದವರ ತಿಂಗಳ ಬಜೆಟ್ ಇಲ್ಲಿ ನಡೆಯುವುದಿಲ್ಲ, ವರ್ಷದ ಲೆಕ್ಕವೇ ಬೇಕು.

ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಜೂನ್‌ನಿಂದ ಮೇ ವರೆಗೆ ಹನ್ನೆರಡು ತಿಂಗಳು ಬರೆದು, ಪ್ರತಿಯೊಂದರ ಮುಂದೆ ಬರುವ ದುಡ್ಡು, ಹೋಗುವ ದುಡ್ಡು ಬರೆಯಿರಿ. ಜೂನ್‌ನಲ್ಲಿ ಬೀಜ, ಗೊಬ್ಬರ, ಮಕ್ಕಳ ಶಾಲೆ ಎಲ್ಲ ಒಟ್ಟಿಗೇ ಬೀಳುತ್ತವೆ. ಜಾತ್ರೆ, ಮದುವೆ ಮುಯ್ಯಿ ಬಿಡಬೇಡಿ. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಖಾತೆಗೆ ಬಂದ ಮೇಲೆ ಬರೆಯಿರಿ. ಸಿಂಧನೂರು, ಮಾನ್ವಿ ಕಡೆಯ ಭತ್ತದವರು ಎರಡನೇ ಬೆಳೆಯ ದುಡ್ಡನ್ನು ಈಗಲೇ ಲೆಕ್ಕಕ್ಕೆ ಹಿಡಿಯಬಾರದು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವುದು ಖಾತ್ರಿಯಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋಗಿ, ತುಂಬಿದ ನೀರು ನದಿಪಾಲಾದದ್ದನ್ನು ಎಲ್ಲರೂ ನೋಡಿದ್ದೇವೆ ಅಲ್ವಾ?

ಇನ್ನು ಸಾಲ. ಇಲ್ಲಿ ಸ್ವಲ್ಪ ಕೂತು ಲೆಕ್ಕ ಹಾಕಿ. ನಮ್ಮ ಕಡೆ "ನೂರಕ್ಕೆ ಮೂರು" ಅನ್ನುತ್ತಾರೆ. ಅದು ತಿಂಗಳಿಗೆ. ವರ್ಷಕ್ಕೆ ನೂರಕ್ಕೆ 36 ಆಯಿತು. 50,000 ತಂದರೆ ವರ್ಷದ ಬಡ್ಡಿಯೇ 18,000. ಅದೇ 50,000 ಕಿಸಾನ್ ಕ್ರೆಡಿಟ್ ಕಾರ್ಡ್‌ನಲ್ಲಿ ಬೆಳೆ ಸಾಲವಾಗಿ ತೆಗೆದು ಸಮಯಕ್ಕೆ ಕಟ್ಟಿದರೆ ಬಡ್ಡಿ ಶೇ 4, ಅಂದರೆ 2,000. ಕೃಷಿ ಪತ್ತಿನ ಸಹಕಾರ ಸಂಘದ ಬೆಳೆ ಸಾಲವನ್ನು ಗಡುವಿನೊಳಗೆ ತೀರಿಸಿದರೆ ಬಡ್ಡಿಯೇ ಇಲ್ಲ. ಹಾಗಾಗಿ ಮೊದಲು ಸಂಘ, ಆಮೇಲೆ ಬ್ಯಾಂಕು.

ಗೊಬ್ಬರದ ಉದ್ರಿಗೂ ಬಡ್ಡಿ ಇರುತ್ತದೆ, ದರದಲ್ಲೇ ಸೇರಿರುತ್ತದೆ. ನಗದಿಗೆ ಎಷ್ಟು, ಉದ್ರಿಗೆ ಎಷ್ಟು ಎಂದು ಎರಡೂ ಕೇಳಿ. ಸಾಲ ಕೊಟ್ಟವರಿಗೇ ಮಾಲು ಹಾಕಬೇಕೆಂಬ ಕಟ್ಟುಪಾಡಿಗೆ ಬಿದ್ದರೆ ಬೆಲೆ ಕೇಳಲು ಬಾಯಿಯೇ ಇರುವುದಿಲ್ಲ. ಬಡ್ಡಿಗಿಂತ ಇದೇ ದೊಡ್ಡ ನಷ್ಟ ಎನ್ನುವುದು ನನ್ನ ಅನಿಸಿಕೆ.

ಪಹಣಿ ಇಲ್ಲದ ಲಾವಣಿ (ಗುತ್ತಿಗೆ) ರೈತರಿಗೆ, ಕೂಲಿಯವರಿಗೆ ಹೆಚ್ಚಾಗಿ ಸಿಗುವುದು ಮೈಕ್ರೋಫೈನಾನ್ಸ್ ಸಾಲ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಕೂಲಿ ಮನೆಗೆ ಅರ್ಧವೂ ಜಾಸ್ತಿಯೇ. ಒಂದು ಕಂತು ಕಟ್ಟಲು ಇನ್ನೊಂದು ಕಡೆ ಸಾಲ ಎತ್ತಲೇಬೇಡಿ. ವಸೂಲಿಯವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಕಾಡುವಂತಿಲ್ಲ. ಬೆದರಿಸಿದರೆ, ಮನೆ ಮುಂದೆ ಕೂತು ಮಾನ ಕಳೆದರೆ, ಸುಮ್ನೆ ಸಹಿಸಬೇಡಿ. ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದಿದೆ, ಪೊಲೀಸರಿಗೆ ದೂರು ಕೊಡಿ.

ಮಾಲು ಮಾರಿದ ವಾರವೇ ಮುಂದಿನ ಕೆಲಸ. ಸಾಲ ತೀರಿಸಿ, ಮುಂದಿನ ಬೀಜ ಗೊಬ್ಬರಕ್ಕೆ ಎತ್ತಿಟ್ಟು, ಉಳಿದದ್ದನ್ನು ಹನ್ನೆರಡು ಪಾಲು ಮಾಡಿ. 96,000 ಉಳಿದರೆ ತಿಂಗಳಿಗೆ 8,000. ಅದನ್ನು ಬೇರೆ ಖಾತೆಗೆ ಹಾಕಿ, ಆ ಖಾತೆಗೆ ಫೋನ್‌ಪೇ ಜೋಡಿಸಬೇಡಿ. ತಿಂಗಳಿಗೊಮ್ಮೆ ಹೋಗಿ ಒಂದು ಪಾಲು ಮಾತ್ರ ತೆಗೆಯಿರಿ. ವಾರದ ಕೂಲಿಯವರಿಗೆ ಅಂಚೆ ಕಚೇರಿಯ ಆರ್‌ಡಿ (ತಿಂಗಳ ಕಂತಿನ ಉಳಿತಾಯ) ಇದೆ, ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು.

ಕೊನೆಯದು ವಿಮೆ. ಬ್ಯಾಂಕ್ ಖಾತೆಯಿಂದಲೇ ಕಂತು ಕಡಿತವಾಗುವ ಎರಡು ಪ್ರಧಾನಮಂತ್ರಿ ವಿಮೆಗಳಿವೆ. ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. ಜೀವನ್ ಜ್ಯೋತಿ 436 ರೂಪಾಯಿ, ಸಾವು ಹೇಗೇ ಬಂದರೂ 2 ಲಕ್ಷ, ಆದರೆ ಸೇರಲು 50 ವರ್ಷದೊಳಗಿರಬೇಕು. ಎರಡೂ ಜೂನ್ 1ಕ್ಕೆ ಹೊಸದಾಗುತ್ತವೆ. ಮೇ ಕೊನೆಗೆ ಖಾತೆಯಲ್ಲಿ 456 ರೂಪಾಯಿ ಇಲ್ಲದಿದ್ದರೆ ವಿಮೆ ನಿಂತುಹೋಗಬಹುದು. ಗುಳೆ ಹೋದವರಿಗೆ ಇದು ಗೊತ್ತೇ ಆಗುವುದಿಲ್ಲ. ಬೆಂಗಳೂರಿಗೆ ಹೊರಡುವ ಮೊದಲೇ ಆ ದುಡ್ಡು ಖಾತೆಯಲ್ಲಿಡಿ, ನಾಮಿನಿ ಯಾರೆಂದು ಬ್ಯಾಂಕಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ, ವಿಮೆ ಇದೆ ಎಂದು ಆ ನಾಮಿನಿಗೂ ಹೇಳಿಡಿ.