ಎತ್ತಿಕೊಂಡು ಹೋಗಲಾಗದ ಚಿತ್ರಗಳನ್ನು ಹುಡುಕುತ್ತಾ ನೀಸ್ ಸುತ್ತಮುತ್ತ

ಫ್ರಾನ್ಸಿನ ದಕ್ಷಿಣ ಕರಾವಳಿಗೆ ಹೋಗುತ್ತೇವೆ ಅಂತ ಯಾರಾದರೂ ಹೇಳಿದರೆ ನಾನು ಕೊಡುವ ಸಲಹೆ ಒಂದೇ. ಊರುಗಳ ಪಟ್ಟಿ ಮಾಡಬೇಡಿ. ಆ ಊರು ಬಿಟ್ಟು ಬೇರೆಲ್ಲೂ ನೋಡಲು ಸಿಗದ ಚಿತ್ರಗಳ ಪಟ್ಟಿ ಮಾಡಿ. ಮತೀಸ್, ಪಿಕಾಸೊ ಅವರಂಥ ದೊಡ್ಡ ಚಿತ್ರಕಾರರ ಕೃತಿಗಳು ಪ್ಯಾರಿಸ್‌ನಲ್ಲಿವೆ, ನ್ಯೂಯಾರ್ಕ್‌ನಲ್ಲಿವೆ, ಆಗಾಗ ಒಂದು ದೇಶದಿಂದ ಇನ್ನೊಂದಕ್ಕೆ ಪ್ರದರ್ಶನಕ್ಕೂ ಹೋಗುತ್ತಿರುತ್ತವೆ. ಆದರೆ ಗೋಡೆಯ ಮೇಲೇ ಬರೆದದ್ದು, ಕಮಾನಿಗೆ ಬಗ್ಗಿಸಿ ಕೂರಿಸಿದ್ದು, ಕಿಟಕಿಯ ಗಾಜಾಗಿ ನಿಂತದ್ದು ಎಲ್ಲಿಗೂ ಬರುವುದಿಲ್ಲ. ಅವಿರುವಲ್ಲಿಗೆ ನಾವೇ ಹೋಗಬೇಕು. ಹಾಗೆ ಹೋದಾಗ ಊರೂ ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ತಂಗಿ ಕೆಲಸದ ಮೇಲೆ ಲಿಯೋಂನಲ್ಲಿದ್ದಾಳೆ. ದಸರಾ ರಜೆಗೆ ಅವಳ ಬಳಿ ಹೋದವಳು, ಅಲ್ಲಿಂದ ಇಬ್ಬರೂ ರೈಲು ಹಿಡಿದು ನೀಸ್‌ಗೆ ಹೋದೆವು. ಅಕ್ಟೋಬರ್ ಒಳ್ಳೆಯ ಕಾಲ. ಬೇಸಿಗೆಯ ನೂಕುನುಗ್ಗಲು ಇಳಿದಿರುತ್ತದೆ, ರೂಮಿನ ಬಾಡಿಗೆಯೂ ಕಡಿಮೆ, ಬಿಸಿಲು ಮಾತ್ರ ಇನ್ನೂ ಇರುತ್ತದೆ.

ಊರೂರಿಗೆ ಬ್ಯಾಗ್ ಎಳೆದುಕೊಂಡು ತಿರುಗಲಿಲ್ಲ. ನೀಸ್‌ನಲ್ಲಿ ರೈಲ್ವೆ ಸ್ಟೇಷನ್ ಹತ್ತಿರ ಅಡುಗೆಮನೆ ಇರುವ ಒಂದು ರೂಮು ಹಿಡಿದು ಕೊನೆಯವರೆಗೂ ಅಲ್ಲೇ ಇದ್ದೆವು. ಲೋಕಲ್ ರೈಲು ಕಡಲಂಚಿನಲ್ಲೇ ಓಡುತ್ತದೆ. ಪಶ್ಚಿಮಕ್ಕೆ ಹೋದರೆ ಕಾನ್ಯ್, ಆಂಟಿಬ್, ಗಾಲ್ಫ್ ಜುವಾಂ. ಪೂರ್ವಕ್ಕೆ ಹೋದರೆ ವಿಲ್‌ಫ್ರಾಂಶ್, ಮೊನಾಕೊ, ಮಾಂತೋನ್, ಆಮೇಲೆ ಇಟಲಿ. ಪೂರ್ವಕ್ಕೆ ಹೋಗುವಾಗ ಬಲಗಡೆ ಕಿಟಕಿ ಹಿಡಿದುಕೊಳ್ಳಿ, ಸುರಂಗ ಮುಗಿದ ಕೂಡಲೇ ಸಮುದ್ರ ಕಾಲಬುಡದಲ್ಲೇ ಇರುತ್ತದೆ. ದಿನಕ್ಕೆ ಒಂದೇ ಊರು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಬೆಳಗ್ಗೆ ಚಿತ್ರ, ಮಧ್ಯಾಹ್ನ ಊರಿನ ಗಲ್ಲಿ, ಸಂಜೆ ಕಡಲತೀರದಲ್ಲಿ ಕೂತು ಸ್ಕೆಚ್ ಪುಸ್ತಕ. ಅಷ್ಟೇ ಕಾರ್ಯಕ್ರಮ.

ಮೊದಲು ಹೋಗಿದ್ದು ವಾನ್ಸ್‌ಗೆ. ಅದು ಕಡಲತೀರದ ಊರೇನಲ್ಲ, ಗುಡ್ಡದ ಮೇಲಿದೆ, ನೀಸ್‌ನಿಂದ ಬಸ್ಸಿನಲ್ಲಿ ಹೋಗಬೇಕು. ಆದರೆ ಈ ಕರಾವಳಿಯಲ್ಲಿ ಒಂದೇ ಒಂದು ಜಾಗ ನೋಡಲು ಸಾಧ್ಯ ಅಂದರೆ ನಾನು ಆರಿಸುವುದು ಅದನ್ನೇ. ಊರಿನಿಂದ ಸ್ವಲ್ಪ ಆಚೆ, ರಸ್ತೆ ಬದಿಯಲ್ಲಿ ಬಿಳಿ ಗೋಡೆಯ, ನೀಲಿ ಬಿಳಿ ಹೆಂಚಿನ ಪುಟ್ಟ ಕಟ್ಟಡ, ಮತೀಸ್ ರೂಪಿಸಿದ ಪ್ರಾರ್ಥನಾ ಮಂದಿರ. "ಅಕ್ಕಾ, ಇಷ್ಟು ಚಿಕ್ಕದಾ?" ಅಂತ ತಂಗಿ ಕೇಳಿದಳು. ಹೌದು, ಚಿಕ್ಕದೇ.

ಮತೀಸ್‌ಗೆ 1941ರಲ್ಲಿ ಹೊಟ್ಟೆಯ ದೊಡ್ಡ ಆಪರೇಷನ್ ಆಗಿತ್ತು. ಆಮೇಲೆ ಅವರನ್ನು ನೋಡಿಕೊಳ್ಳಲು ಮೋನಿಕ್ ಬೂರ್ಜ್ವಾ ಎಂಬ ತರುಣಿ ನರ್ಸ್ ಆಗಿ ಬಂದಳು. ಅವರ ಚಿತ್ರಗಳಿಗೆ ಮಾಡೆಲ್ ಆಗಿಯೂ ಕೂತಳು. ಮುಂದೆ ಅವಳು ಸಂನ್ಯಾಸಿನಿಯಾಗಿ ಸಿಸ್ಟರ್ ಜಾಕ್-ಮರಿ ಆದಳು. ಮತೀಸ್ ವಾನ್ಸ್‌ನಲ್ಲಿ ವಾಸವಿದ್ದಾಗ ಅವಳೂ ಅಲ್ಲಿನ ಮಠಕ್ಕೆ ಬಂದಳು. ಸಂನ್ಯಾಸಿನಿಯರಿಗೆ ಸರಿಯಾದ ಪ್ರಾರ್ಥನಾ ಮಂದಿರ ಇರಲಿಲ್ಲ. ಅದನ್ನು ಕಟ್ಟುವ ಮಾತು ಬಂದಾಗ ಮತೀಸ್ ಎಪ್ಪತ್ತೈದು ದಾಟಿದವರು, ಹೆಚ್ಚು ಹೊತ್ತು ನಿಲ್ಲುವುದೂ ಕಷ್ಟ. ಆದರೂ ಗಾಜು, ಗೋಡೆ, ಬಲಿಪೀಠ, ಪಾದ್ರಿಗಳ ನಿಲುವಂಗಿ ಎಲ್ಲವನ್ನೂ ತಾವೇ ರೂಪಿಸಿದರು. 1951ರಲ್ಲಿ ಅದು ಪೂರ್ತಿಯಾಯಿತು.

ಒಳಗೆ ಬಣ್ಣ ಇರುವುದು ಕಿಟಕಿಗಳಲ್ಲಿ ಮಾತ್ರ. ನೀಲಿ, ಹಸಿರು, ನಿಂಬೆ ಹಳದಿ, ಈ ಮೂರೇ. ಕೆಂಪು ಇಲ್ಲವೇ ಇಲ್ಲ. ಎದುರಿನ ಗೋಡೆಗೆ ಹೊಳೆಯುವ ಬಿಳಿ ಟೈಲ್ಸ್, ಅದರ ಮೇಲೆ ಕಪ್ಪು ಗೆರೆ. ಸಂತ ಡೊಮಿನಿಕ್ ಆಳೆತ್ತರ ಮೀರಿ ನಿಂತಿದ್ದಾನೆ, ಮೇರಿ ಮಗುವನ್ನು ಹಿಡಿದಿದ್ದಾಳೆ, ಯಾರಿಗೂ ಕಣ್ಣು ಮೂಗು ಇಲ್ಲ. ಉದ್ದದ ಬಿದಿರು ಕೋಲಿನ ತುದಿಗೆ ಇದ್ದಿಲು ಕಟ್ಟಿಕೊಂಡು ಮತೀಸ್ ಇವನ್ನು ಅಭ್ಯಾಸ ಮಾಡಿದ್ದರು. ಆ ಗೆರೆ ನೋಡಿದರೆ ಅದು ಬೆರಳಿನಿಂದ ಬಂದದ್ದಲ್ಲ, ಭುಜದಿಂದ ಬಂದದ್ದು ಅಂತ ಗೊತ್ತಾಗುತ್ತದೆ. ಮಕ್ಕಳಿಗೆ ಪೆನ್ಸಿಲನ್ನು ಹಿಂದಕ್ಕೆ ಹಿಡಿದು ಇಡೀ ಕೈ ಆಡಿಸಿ ಅಂತ ನಾನು ಎಷ್ಟು ಸಲ ಹೇಳಿದ್ದೇನೋ, ಅದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಸಿಕ್ಕಿಲ್ಲ.

ಫೋಟೊ ತೆಗೆಯುವಂತಿಲ್ಲ. ಅದು ಒಳ್ಳೆಯದೇ ಆಯಿತು, ಯಾಕೆಂದರೆ ಅಲ್ಲಿ ನಡೆಯುವುದು ಫೋಟೊದಲ್ಲಿ ಬರುವಂಥದ್ದಲ್ಲ. ಸುಮ್ನೆ ಬೆಂಚಿನ ಮೇಲೆ ಕೂತಿದ್ದೆವು. ಬಿಸಿಲು ಏರಿದಂತೆ ಗಾಜಿನ ನೀಲಿ ನೆಲದ ಮೇಲೆ ಬಿದ್ದು, ಮೆಲ್ಲಗೆ ಸರಿದು ತಂಗಿಯ ಚಪ್ಪಲಿಯ ಮೇಲೆ ಬಂತು. ಹಳದಿ ಗಾಜು ಮಂಕಾದದ್ದು, ಅದರಾಚೆ ಏನೂ ಕಾಣುವುದಿಲ್ಲ. ನೀಲಿ, ಹಸಿರು ಗಾಜು ತಿಳಿ, ಅದರಲ್ಲಿ ಹೊರಗಿನ ಮರ ಅಲ್ಲಾಡುವುದು ಕಾಣುತ್ತದೆ. ಒಂದು ಮೋಡ ಅಡ್ಡ ಬಂದಾಗ ಇಡೀ ಕೋಣೆ ಬೆಳ್ಳಗಾಗಿ, ಕಪ್ಪು ಗೆರೆ ಮಾತ್ರ ಉಳಿಯಿತು. ಮೋಡ ಸರಿಯಿತು, ಬಣ್ಣ ಮತ್ತೆ ಬಂತು. ಈ ಕರಾವಳಿಯ ಬಿಸಿಲೇ ಇಲ್ಲಿ ಬಣ್ಣ. ಇದೇ ಗಾಜನ್ನು ಬಿಚ್ಚಿ ಮೋಡ ಕವಿದ ಊರಿನಲ್ಲಿ ಕೂರಿಸಿದರೆ ಅರ್ಧ ಚಿತ್ರವೂ ಉಳಿಯುವುದಿಲ್ಲ. ಬಿಸಿಲು ಓರೆಯಾಗಿ ಬೀಳುವ ತಿಂಗಳುಗಳ ಬೆಳಗಿನ ಹೊತ್ತಿಗೇ ಹೋಗಿ. ತೆರೆದಿರುವ ದಿನ, ಸಮಯ ಎರಡೂ ಕಡಿಮೆ, ಮೊದಲೇ ನೋಡಿಕೊಳ್ಳಿ.

ಆಂಟಿಬ್ ಇದಕ್ಕೆ ಪೂರ್ತಿ ಬೇರೆ. ಸ್ಟೇಷನ್ನಿಂದ ಬಂದರು ದಾಟಿ ಹಳೇ ಪೇಟೆಯೊಳಗೆ ನಡೆದರೆ ಮೊದಲು ಸಿಗುವುದು ಚಾವಣಿ ಹಾಕಿದ ಮಾರುಕಟ್ಟೆ. ಆಲಿವ್, ಗಿಣ್ಣು, ಒಣಗಿಸಿದ ಟೊಮೇಟೊ, ಕಟ್ಟು ಕಟ್ಟು ಸೊಪ್ಪು. ಅದರ ಹಿಂದೆಯೇ ಸಮುದ್ರದ ಗೋಡೆಗೆ ಒರಗಿದಂತೆ ಗ್ರಿಮಾಲ್ಡಿ ಕೋಟೆಮನೆ ಇದೆ. 1946ರ ಶರತ್ಕಾಲದಲ್ಲಿ ಪಿಕಾಸೊಗೆ ಕೆಲಸ ಮಾಡಲು ದೊಡ್ಡ ಜಾಗ ಬೇಕಿತ್ತು. ಅಲ್ಲಿನ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ದೋರ್ ದ ಲಾ ಸೂಶೇರ್ ಮೇಲಿನ ಕೋಣೆಗಳನ್ನೇ ಬಿಟ್ಟುಕೊಟ್ಟರು. ಯುದ್ಧ ಆಗಷ್ಟೇ ಮುಗಿದಿತ್ತು, ಕ್ಯಾನ್ವಾಸ್ ಸಿಗುತ್ತಿರಲಿಲ್ಲ. ಪ್ಲೈವುಡ್, ಸಿಮೆಂಟ್ ಶೀಟು ಸಿಕ್ಕಿತು, ಬಣ್ಣಕ್ಕೆ ದೋಣಿಗೆ ಬಳಿಯುವ ಪೇಂಟು. ಅದರಲ್ಲೇ ಬರೆದರು. ಹೋಗುವಾಗ 23 ಚಿತ್ರ, 44 ರೇಖಾಚಿತ್ರ ಅಲ್ಲೇ ಬಿಟ್ಟು ಹೋದರು. 1966ರಿಂದ ಆ ಮನೆಯೇ ಪಿಕಾಸೊ ಮ್ಯೂಸಿಯಂ.

ಇವು ಚೌಕಟ್ಟು ಹಾಕಿದ ಚಿತ್ರಗಳು, ಬೇಕಾದರೆ ಎತ್ತಿಕೊಂಡು ಹೋಗಬಹುದಿತ್ತು. ಆದರೆ ಅಲ್ಲಿ ನಿಂತು ನೋಡಿದರೆ ಇವು ಈ ಮನೆ ಬಿಟ್ಟು ಬರಬಾರದು ಅನ್ನಿಸುತ್ತದೆ. ಚಿತ್ರದಲ್ಲಿ ಮೀನು, ಕಡಲಿನ ಮುಳ್ಳುಚೆಂಡು (ಮೈತುಂಬ ಮುಳ್ಳಿರುವ ದುಂಡನೆಯ ಕಡಲಜೀವಿ, ಸೀ ಅರ್ಚಿನ್), ಮೇಕೆ, ಕೊಳಲೂದುವವರು. ಎರಡು ಹೆಜ್ಜೆ ಇಟ್ಟರೆ ಕಿಟಕಿ, ಕಿಟಕಿಯಲ್ಲಿ ಅದೇ ನೀಲಿ. ಕೆಳಗೆ ಮಾರುಕಟ್ಟೆಯಲ್ಲಿ ಅದೇ ಮೀನು. ಮುಳ್ಳುಚೆಂಡು ತಿನ್ನುವ ಮನುಷ್ಯನ ಚಿತ್ರದ ಹತ್ತಿರ ನಾನು ತುಂಬಾ ಹೊತ್ತು ನಿಂತಿದ್ದೆ. ಕ್ಯಾನ್ವಾಸ್ ಇಲ್ಲದ್ದಕ್ಕೆ ಅಲ್ಲೇ ಬಿದ್ದಿದ್ದ ಹಳೆಯ ಚಿತ್ರವೊಂದರ ಮೇಲೆಯೇ ಇದನ್ನು ಬರೆದದ್ದು. ಎಕ್ಸ್‌ರೇ ತೆಗೆದಾಗ ಒಳಗೆ ಒಬ್ಬ ಸೇನಾಧಿಕಾರಿಯ ಭಾವಚಿತ್ರ ಕಂಡಿತು. "ಒಳ್ಳೆ ಡ್ರಾಯಿಂಗ್ ಶೀಟ್ ಇಲ್ಲ ಮಿಸ್" ಅನ್ನುವ ಮಕ್ಕಳಿಗೆ ಈಗ ನಾನು ಈ ಕಥೆ ಹೇಳುತ್ತೇನೆ.

ಆಂಟಿಬ್ ಆದಮೇಲೆ ವಲ್ಲೋರಿಸ್‌ಗೆ ಹೋಗಲೇಬೇಕು, ಯಾಕೆಂದರೆ ಅಲ್ಲಿಂದ ಪಿಕಾಸೊ ಹೋಗಿದ್ದೇ ಅಲ್ಲಿಗೆ. ಗಾಲ್ಫ್ ಜುವಾಂನಲ್ಲಿ ಇಳಿದು ಒಳಕ್ಕೆ ಬಸ್ ಹಿಡಿಯಬೇಕು. ಚೆಂದದ ಊರು ಬೇಕು ಅನ್ನುವವರಿಗೆ ಇದು ಹಿಡಿಸದೇ ಇರಬಹುದು, ನನಗಂತೂ ಬಹಳ ಹಿಡಿಸಿತು. ಇದು ಕುಂಬಾರರ ಊರು. ಇಲ್ಲಿಯ ಮಣ್ಣಿನಲ್ಲಿ ಮಾಡಿದ ಅಡುಗೆ ಪಾತ್ರೆಗಳು ಹಿಂದೆ ದೂರದೂರಕ್ಕೆ ಹೋಗುತ್ತಿದ್ದವು. ಲೋಹದ ಪಾತ್ರೆ ಬಂದಮೇಲೆ ಆವಿಗೆಗಳು ಒಂದೊಂದಾಗಿ ಆರಿದವು. ಆ ಹೊತ್ತಿಗೆ ಸುಜಾನ್ ಮತ್ತು ಜಾರ್ಜ್ ರಾಮಿಯೆ ದಂಪತಿಯ ಮದೂರಾ ಎಂಬ ಕುಂಬಾರಿಕೆ ಶೆಡ್ಡಿಗೆ ಪಿಕಾಸೊ ಬಂದು ಕೂತರು. 1948ರಿಂದ 1955ರವರೆಗೆ ಊರಿನಲ್ಲೇ ಮನೆ ಮಾಡಿಕೊಂಡಿದ್ದರು. ತಿಗರಿ ತಿರುಗಿಸುತ್ತಿದ್ದವರು ಅಲ್ಲಿನ ನುರಿತ ಕುಂಬಾರ ಜೂಲ್ ಅಗಾರ್. ಅವರು ಎತ್ತಿಕೊಟ್ಟ ಹಸಿ ಹೂಜಿಯ ಕತ್ತನ್ನು ಪಿಕಾಸೊ ಹಿಸುಕಿ, ತಿರುಚಿ, ಪಾರಿವಾಳ ಮಾಡುತ್ತಿದ್ದರು.

ಇವತ್ತಿಗೂ ಅಲ್ಲಿ ಕುಂಬಾರರ ಅಂಗಡಿಗಳಿವೆ. ಒಂದರಲ್ಲಿ ವಯಸ್ಸಾದವರೊಬ್ಬರು ಕೆಲಸ ಮಾಡುತ್ತಿದ್ದರು. ತಂಗಿ ಫ್ರೆಂಚಿನಲ್ಲಿ ಕೇಳಿ ನನಗೆ ಹೇಳಿದಳು. ಪಾತ್ರೆ ಎತ್ತಿದ ಮೇಲೆ ಎಷ್ಟು ಹೊತ್ತು ಬಿಡಬೇಕು ಅನ್ನುವುದೇ ಮುಖ್ಯವಂತೆ. ತೀರಾ ಹಸಿಯಾಗಿದ್ದರೆ ಹಿಸುಕಿದಾಗ ಕುಸಿಯುತ್ತದೆ, ಒಣಗಿದ್ದರೆ ಸೀಳುತ್ತದೆ. ಅವರು ಒಂದು ಚಿಕ್ಕ ಹೂಜಿಯನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಹೊಟ್ಟೆ ಒತ್ತಿದರು, ಬಾಯಿ ಮುಚ್ಚಿಕೊಂಡಿತು, ಒಳಗೆ ಸಿಕ್ಕಿಬಿದ್ದ ಗಾಳಿಗೆ ಇನ್ನೊಂದು ಪಕ್ಕ ಉಬ್ಬಿತು. ಹಕ್ಕಿಯ ಎದೆ ಹಾಗೆ ಬರುವುದು. ನಾನು ಮ್ಯೂಸಿಯಂನಲ್ಲಿ ಗಾಜಿನ ಹಿಂದೆ ನೋಡಿದ್ದ ಪಾರಿವಾಳ ನನಗೆ ಅರ್ಥವಾಗಿದ್ದು ಆ ಹೆಬ್ಬೆರಳು ನೋಡಿದ ಮೇಲೆ.

ಊರ ಚೌಕದಲ್ಲಿ ಕುರಿ ಹಿಡಿದ ಮನುಷ್ಯನ ಕಂಚಿನ ಪ್ರತಿಮೆ ಇದೆ, ಪಿಕಾಸೊ ಊರಿಗೆ ಕೊಟ್ಟದ್ದು. ಸುತ್ತ ಮಕ್ಕಳು ಆಡುತ್ತಿರುತ್ತಾರೆ. ಪಕ್ಕದ ಹಳೇ ಪ್ರಾರ್ಥನಾ ಮಂದಿರದಲ್ಲಿ 'ಯುದ್ಧ ಮತ್ತು ಶಾಂತಿ'. 1952ರಲ್ಲಿ ಬಾಗುವ ಹಲಗೆಗಳ ಮೇಲೆ ಬರೆದು, ಕಮಾನಿನ ಉದ್ದಕ್ಕೂ ಬಗ್ಗಿಸಿ ಜೋಡಿಸಿದ್ದಾರೆ. ಒಂದು ಪಕ್ಕ ಯುದ್ಧ, ಇನ್ನೊಂದು ಪಕ್ಕ ಶಾಂತಿ, ಎರಡೂ ತಲೆಯ ಮೇಲೆ ಕೂಡುತ್ತವೆ. ದೂರ ನಿಂತು ನೋಡಲು ಜಾಗವೇ ಇಲ್ಲ, ನೀವು ಚಿತ್ರದ ಹೊಟ್ಟೆಯೊಳಗೆ ನಿಂತಿರುತ್ತೀರಿ. ಪುಸ್ತಕದಲ್ಲಿ ಇದನ್ನು ಚಪ್ಪಟೆಯಾಗಿ ಅಚ್ಚು ಹಾಕಿದ್ದನ್ನು ನೋಡಿದವರು ಇದನ್ನು ನೋಡಿಯೇ ಇಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ವಿಲ್‌ಫ್ರಾಂಶ್ ನೀಸ್‌ನಿಂದ ರೈಲಿನಲ್ಲಿ ಹತ್ತು ನಿಮಿಷವೂ ಬೇಡ. ಬಂದರಿನ ಅಂಚಿನಲ್ಲೇ ಸಂತ ಪೀಟರನ ಪುಟ್ಟ ಗುಡಿ ಇದೆ. ಮೀನುಗಾರರು ಅದರಲ್ಲಿ ಬಲೆ ತುಂಬಿಡುತ್ತಿದ್ದರು. 1920ರ ದಶಕದಲ್ಲಿ ಎದುರಿನ ಹೋಟೆಲಿನಲ್ಲಿ ತಂಗುತ್ತಿದ್ದ ಕವಿ, ಚಿತ್ರಕಾರ ಜಾನ್ ಕಾಕ್ತೊಗೆ ಆ ಗುಡಿ ಮನಸ್ಸಿನಲ್ಲೇ ಉಳಿದಿತ್ತು. ಕೊನೆಗೆ 1957ರಲ್ಲಿ ಗೋಡೆ, ಕಮಾನು ಎಲ್ಲ ಚಿತ್ರ ಬರೆದು ಮುಗಿಸಿದರು. ಪೀಟರನ ಕಥೆಯ ಜೊತೆಗೆ ಊರಿನ ಮೀನುಗಾರ ಹೆಣ್ಣುಮಕ್ಕಳೂ ಗೋಡೆಯಲ್ಲಿದ್ದಾರೆ. ಪ್ರವೇಶಕ್ಕೆ ಸಣ್ಣ ಶುಲ್ಕ, ಅದು ಹೋಗುವುದು ಮೀನುಗಾರರ ನಿಧಿಗೆ. ಇದು ನನಗೆ ಬಹಳ ಇಷ್ಟವಾದ ವಿಷಯ. ಹೊರಗೆ ಬಂದು ಹಿಂದಿನ ಮೆಟ್ಟಿಲು ಹತ್ತಿದರೆ ಮನೆಗಳ ಅಡಿಯಲ್ಲೇ ಸಾಗುವ 'ಕತ್ತಲೆ ಬೀದಿ' ಸಿಗುತ್ತದೆ, 13ನೇ ಶತಮಾನದ್ದು. ಮಟಮಟ ಮಧ್ಯಾಹ್ನವೂ ಅಲ್ಲಿ ತಂಪು.

ಅದೇ ಕಾಕ್ತೊ ಮಾಂತೋನ್‌ನ ನಗರಸಭೆ ಕಟ್ಟಡದಲ್ಲಿ ಮದುವೆ ರಿಜಿಸ್ಟರ್ ಮಾಡಿಸುವ ಹಾಲಿಗೂ ಚಿತ್ರ ಬರೆದಿದ್ದಾರೆ. ಗಂಡಿಗೆ ಮೀನುಗಾರನ ಟೋಪಿ, ಕಣ್ಣಿನ ಜಾಗದಲ್ಲಿ ಮೀನು. ಹೆಣ್ಣಿಗೆ ಆ ಊರಿನ ಅಗಲ ಅಂಚಿನ ಹುಲ್ಲಿನ ಟೋಪಿ. ಇವತ್ತಿಗೂ ಅಲ್ಲಿ ಮದುವೆಗಳು ನಡೆಯುತ್ತವೆ, ಹಾಗಾಗಿ ಆಫೀಸು ನಡೆಯುವ ದಿನವೇ ಹೋಗಬೇಕು. ಬಂದರಿನ ಹಳೇ ಬುರುಜಿನ ಮ್ಯೂಸಿಯಂನಲ್ಲಿ ನೆಲ, ಗೋಡೆಯ ಮೇಲೆ ಕಡಲ ಉರುಟುಗಲ್ಲುಗಳನ್ನೇ ಜೋಡಿಸಿ ಚಿತ್ರ ಮಾಡಿದ್ದಾರೆ. ಕಾನ್ಯ್‌ನಲ್ಲಿ ಚಿತ್ರಕಾರ ರೆನ್ವಾರ್ ಮನೆ ಇದೆ. ಕಡಿದುಹಾಕಲಿದ್ದ ಹಳೇ ಆಲಿವ್ ಮರಗಳನ್ನು ಉಳಿಸಲೆಂದೇ 1907ರಲ್ಲಿ ಅವರು ಆ ತೋಟ ಕೊಂಡದ್ದು, 1919ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಗಂಟುವಾತಕ್ಕೆ ಕೈ ಸೊಟ್ಟಗಾಗಿತ್ತು, ಆದರೂ ಬಿಡದೆ ಬರೆದರು. ಗಾಲಿಕುರ್ಚಿ, ಚಿತ್ರದ ಸ್ಟ್ಯಾಂಡು ಈಗಲೂ ಇವೆ. ನಾನು ಹೆಚ್ಚು ಹೊತ್ತು ಕಳೆದದ್ದು ಮಾತ್ರ ಮರಗಳ ಕೆಳಗೆ, ಆ ತಿರುಚಿದ ಕಾಂಡಗಳನ್ನು ಬರೆಯುತ್ತಾ.

ಊಟದ ವಿಷಯ ಸಸ್ಯಾಹಾರಿಗಳು ಕೇಳಿಯೇ ಕೇಳುತ್ತಾರೆ. ನೀಸ್‌ನ ಹಳೇ ಪೇಟೆಯಲ್ಲಿ ಸೊಕ್ಕಾ ತಿನ್ನಿ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಕಲಸಿ, ಅಗಲವಾದ ತಾಮ್ರದ ತಟ್ಟೆಯಲ್ಲಿ ಹೊಯ್ದು ಸೌದೆ ಒಲೆಯೊಳಗೆ ಬೇಯಿಸುತ್ತಾರೆ. ಅಂಚು ಗರಿಗರಿ, ನಡು ಮೆತ್ತಗೆ, ಮೇಲೆ ಮೆಣಸಿನ ಪುಡಿ. ನಮ್ಮ ಬಾಯಿಗೆ ಕಡಲೆಹಿಟ್ಟಿನ ದೋಸೆಯೇ. ಹೂವಿನ ಬಜ್ಜಿಯೂ ಸಿಗುತ್ತದೆ. ಈರುಳ್ಳಿ ಹಾಕಿದ ಪಿಸ್ಸಲಾದಿಯೇರ್ ಎಂಬ ಪಿಜ್ಜಾದಂಥ ರೊಟ್ಟಿ ನೋಡಲು ನಿರಪಾಯ ಅನ್ನಿಸಿದರೂ ಅದರಲ್ಲಿ ಆಂಚೊವಿ ಮೀನಿರುತ್ತದೆ, ಕೇಳಿಯೇ ತೆಗೆದುಕೊಳ್ಳಿ.

ನೀಸ್‌ನ ಸಿಮಿಯೇ ಗುಡ್ಡದ ಮೇಲಿರುವ ಮತೀಸ್ ಮ್ಯೂಸಿಯಂ ಅನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ವಾನ್ಸ್‌ನ ಮಂದಿರಕ್ಕೆ ಮಾಡಿಕೊಂಡ ತಯಾರಿ ಚಿತ್ರಗಳು ಅಲ್ಲಿವೆ. ಮಂದಿರ ನೋಡದೆ ಅವನ್ನು ನೋಡಿದರೆ ಬರೀ ಕರಡು. ನೋಡಿ ಬಂದವರಿಗೆ ಯಾವ ಗೆರೆ ಬಿಟ್ಟರು, ಯಾವುದನ್ನು ಉಳಿಸಿಕೊಂಡರು ಅಂತ ಗುರುತು ಹಿಡಿಯಬಹುದು. "ಇದು ಆ ಕಿಟಕಿ ಅಲ್ವಾ ಅಕ್ಕಾ?" ಅಂತ ತಂಗಿಯೇ ಮೊದಲು ಗುರುತಿಸಿದಳು.

ಕೊನೆಗೆ ವಾರದ ಲೆಕ್ಕ. ನೀಸ್‌ನ ಮತೀಸ್ ಮ್ಯೂಸಿಯಂ, ಚಿತ್ರಕಾರ ಶಗಾಲ್ ಅವರ ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತವೆ. ಆಂಟಿಬ್‌ನ ಪಿಕಾಸೊ ಮ್ಯೂಸಿಯಂಗೆ ಸೋಮವಾರ ರಜೆ. ಸಣ್ಣ ಊರುಗಳಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕುವುದು ಸಾಮಾನ್ಯ, ಭಾನುವಾರ ಗುಡ್ಡದ ಊರುಗಳಿಗೆ ಬಸ್ಸೂ ಕಡಿಮೆ. ಹಾಗಾಗಿ ಮೊದಲು ವಾನ್ಸ್ ಯಾವ ದಿನ ತೆರೆದಿದೆ ನೋಡಿ ಅದನ್ನು ಗಟ್ಟಿ ಮಾಡಿಕೊಳ್ಳಿ, ಉಳಿದ ಊರುಗಳನ್ನು ಅದರ ಸುತ್ತ ಹೊಂದಿಸಿಕೊಳ್ಳಿ.